ನನ್ನದೂ ಒಂದೇ ಕಾಪಿ

ದಡ್ಡಿ
12 ಜೂನ್ 2023

ಶೈಲಾ,

ಆಶೀರ್ವಾದ ಆಮೇಲೆ ಬರೆಯುತ್ತೇನೆ, ಮೊದಲು ಬೈಯುವುದಿದೆ.

ನಿನ್ನ ಗಂಡ ಶನಿವಾರ ಗೋಕಾಕದ ಆಸ್ಪತ್ರೆಯಿಂದ ಬಂದವನೇ ಚಹಾ ಬೇಡ ಅಂದ, ರೊಟ್ಟಿ ಬೇಡ ಅಂದ. ಕೂಸು ಹೇಗಿದೆ ಎಂದು ಕೇಳಿದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಾನು ಒಂದು ಬದಿಯಿಂದ, ನಿಮ್ಮ ಮಾವ ಇನ್ನೊಂದು ಬದಿಯಿಂದ ಕೆದಕಿದ ಮೇಲೆ ಒಂದು ಮಾತು ಹೊರಗೆ ಬಿತ್ತು. “ನಂದು ಎರಡು ಕಾಪಿ ಅದಾವು. ಆಕೀದು ಒಂದ ಐತಿ.” ಅಷ್ಟೇ. ಮತ್ತೆ ಗೋಡೆ.

ಅಲ್ಲ, ನೀನು ಬಿ.ಎ. ಮುಗಿಸಿದವಳು. ಆಸ್ಪತ್ರೆಗೆ ಹೋಗುವಾಗ ಎಲ್ಲದಕ್ಕೂ ಎರಡೆರಡು ಕಾಪಿ ಒಯ್ಯಬೇಕೆಂದು ನಾನು ಕಲಿಸಬೇಕೇ? ಗೋಕಾಕ ಬಸ್ ಸ್ಟ್ಯಾಂಡಿನ ಎದುರಿಗೆ ಸಾಲಾಗಿ ಝೆರಾಕ್ಸ್ ಅಂಗಡಿಗಳಿವೆ. ಒಂದು ಹಾಳೆ ಹೊಡೆಸಲು ಎಷ್ಟು ಹೊತ್ತು? ಅಷ್ಟಕ್ಕೆ ಗಂಡ ಹೆಂಡತಿ ಮಾತು ಬಿಡುವಷ್ಟು ಜಗಳವೇ? ನಾಳೆಯೇ ಹೋಗಿ ಆ ಇನ್ನೊಂದು ಕಾಪಿ ತೆಗೆಸಿ ಡಾಕ್ಟರರಿಗೆ ಕೊಡು.

ನಿನಗೆ ಫೋನು ಹಚ್ಚು ಎಂದರೆ ಅವನು ಹಚ್ಚುವುದಿಲ್ಲ. ಮನೆಯಲ್ಲಿ ಇರುವುದು ಅದೊಂದೇ ಫೋನು, ಅದು ಅವನ ಜೇಬು ಬಿಟ್ಟು ಹೊರಗೆ ಬರುವುದಿಲ್ಲ. ಹೀಗಾಗಿ ಕಾಗದ. ನಾನು ನಾಲ್ಕನೆಯ ಇಯತ್ತೆ ಕಲಿತವಳು. ಅಕ್ಕೋರು ಹೊಡೆದು ಕಲಿಸಿದ ಕನ್ನಡ, ಬರೆಯಲು ಕೂತರೆ ಅದೇ ಬರುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದು, ನಗಬೇಡ.

ಶಿವಾನಿಗೆ ಐದು ತಿಂಗಳು ತುಂಬಿತು. ಕುತ್ತಿಗೆ ನಿಂತಿತೇ? ಕಾಲು ಎತ್ತುತ್ತಾಳೆಯೇ? ತುಕ್ಕಾನಟ್ಟಿಯಿಂದ ಗೋಕಾಕ ಹತ್ತಿರ, ತವರಿನಲ್ಲಿದ್ದು ತೋರಿಸಿಕೊಂಡು ಬಾ ಎಂದು ಕಳಿಸಿದೆ. ನಮ್ಮ ಮನೆಯ ಕೂಸುಗಳೆಲ್ಲ ನಡೆಯುವುದು ತಡವೇ, ಹೆದರಬೇಡ. ನಿನ್ನ ತಾಯಿ ಅಲ್ಲವ್ವನಿಗೆ ಹೇಳು, ಎಣ್ಣೆ ಹಚ್ಚುವಾಗ ಕಾಲು ಜಗ್ಗಿ ತಿಕ್ಕಬೇಕು, ಸುಮ್ಮನೆ ಸವರಬಾರದು.

ಇನ್ನು ಆಶೀರ್ವಾದ.

ಗೌರವ್ವ


ತುಕ್ಕಾನಟ್ಟಿ
19 ಜೂನ್ 2023

ಅತ್ತೆಯವರಿಗೆ ಶರಣು.

ನಿಮ್ಮ ಕಾಗದ ಓದಿ ಬಹಳ ದಿನದ ಮೇಲೆ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಅವರು ನಿಮಗೆ ಏನೂ ಹೇಳಿಲ್ಲ ಎಂದು ತಿಳಿಯಿತು.

ಕಾಪಿ ಎಂದರೆ ಕಾಗದವಲ್ಲ. ಮೈಯೊಳಗಿನದು. ತಂದೆ ತಾಯಿಯಿಂದ ಮಕ್ಕಳಿಗೆ ಬರುವ ಗುಣಗಳು ಜೀನ್ ಎಂಬ ತುಣುಕುಗಳಲ್ಲಿ ಇರುತ್ತವೆ. ಕೈಕಾಲು ಆಡಿಸುವ ನರಗಳನ್ನು ಉಳಿಸುವ ಒಂದು ಜೀನ್ ಇದೆ. ಅದು ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು, ಹೀಗೆ ಎರಡು ಪ್ರತಿ ಇರಬೇಕು. ನಮ್ಮ ರಕ್ತವನ್ನು ಗೋಕಾಕದಿಂದ ಬೆಂಗಳೂರಿನ ಲ್ಯಾಬಿಗೆ ಕಳಿಸಿ ಎಣಿಸಿದ್ದಾರೆ. ಎಲ್ಲಿ ಕಳೆದುಹೋಗಿದೆ, ಎಲ್ಲಿ ಹೆಚ್ಚಾಗಿದೆ ಎಂದು ಎಣಿಸುವುದೇ ಆ ಪರೀಕ್ಷೆಯಂತೆ. ಶಿವಾನಿಯಲ್ಲಿ ಒಂದೂ ಇಲ್ಲ. ನನ್ನಲ್ಲಿ ಒಂದೇ ಇದೆ. ಅವರಲ್ಲಿ ಎರಡಿವೆ.

ಒಂದಿದ್ದರೆ ಏನೂ ಆಗುವುದಿಲ್ಲ, ನಾನು ಚೆನ್ನಾಗಿಯೇ ಇದ್ದೇನಲ್ಲ. ಎರಡೂ ಕಡೆಯಿಂದ ಖಾಲಿ ಬಂದರೆ ಮಾತ್ರ ಕೂಸಿಗೆ ಈ ಕಾಯಿಲೆ. ನನ್ನಿಂದ ಖಾಲಿ ಹೋಗಿದೆ, ಅದು ಗೊತ್ತಾಯಿತು. ಅವರಲ್ಲಿ ಎರಡಿದ್ದೂ ಶಿವಾನಿಗೆ ಯಾಕೆ ಹೀಗಾಯಿತು ಎಂದು ಆಸ್ಪತ್ರೆಯ ಮೇಡಂ ತಿಳಿಸಿ ಹೇಳಲು ಶುರು ಮಾಡಿದರು. ಈ ವಂಶದ ಕಾಯಿಲೆಗಳ ವಿಷಯ ಮನೆಯವರಿಗೆ ಬಿಡಿಸಿ ಹೇಳುವುದೇ ಅವರ ಕೆಲಸ. ಆದರೆ ಅವರ ಮಾತು ಮುಗಿಯುವ ಮೊದಲೇ ನಿಮ್ಮ ಮಗ ಎದ್ದು ಹೊರಗೆ ಹೋದರು. ಅಂದಿನಿಂದ ನನ್ನ ಫೋನು ಎತ್ತಿಲ್ಲ. ಅವರ ಮನಸ್ಸಿನಲ್ಲಿ ಏನಿದೆ ನನಗೆ ತಿಳಿಯದು.

ಶಿವಾನಿ ಹಾಲು ಕುಡಿಯುತ್ತಾಳೆ. ಕಾಲು ಎತ್ತುವುದಿಲ್ಲ, ಆದರೆ ಕಣ್ಣು ಬಹಳ ಚುರುಕು. ಯಾರು ಒಳಗೆ ಬಂದರೂ ಮೊದಲು ಅವಳಿಗೇ ಗೊತ್ತಾಗುತ್ತದೆ. ಎಣ್ಣೆ ಹಚ್ಚುವಾಗ ಕಾಲು ಜಗ್ಗಬಾರದು ಎಂದು ಡಾಕ್ಟರರು ಹೇಳಿದ್ದಾರೆ. ನಿಮಗೆ ಬೇಸರವಾಗಬಾರದು.

ಅವರಿಗೆ ಒಮ್ಮೆ ಬರಲು ಹೇಳಿ.

ಶೈಲಾ


ದಡ್ಡಿ
30 ಜೂನ್ 2023

ಶೈಲಾ,

ನಿನ್ನ ಕಾಗದ ನನಗೆ ಅರ್ಧ ತಿಳಿಯಿತು. ಉಳಿದ ಅರ್ಧ ತಿಳಿಸಲು ಲಖನ ಬಂದ. ಸಂಕೇಶ್ವರದಲ್ಲಿ ಔಷಧದ ಅಂಗಡಿ ಇಟ್ಟಿದ್ದಾನಲ್ಲ, ನಿನ್ನ ಗಂಡನ ಗೆಳೆಯ, ಅವನೇ. ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿಂದು, ಕೈ ಒರೆಸಿಕೊಂಡು ಹೇಳಿದ. “ಕಾಕೂ, ಲೆಕ್ಕ ಸೀದಾ ಐತಿ. ಕೂಸಿಗೆ ಎರಡೂ ಕಡಿಂದ ಖಾಲಿ ಬರಬೇಕು. ಅವ್ವನ ಕಡಿ ಖಾಲಿ ಐತಿ. ಶಿವಕುಮಾರನ ಕಡಿ ಖಾಲಿ ಇಲ್ಲ. ಹಂಗಾರ ಆ ಇನ್ನೊಂದು ಖಾಲಿ ಬ್ಯಾರೆ ಎಲ್ಲಿಂದರ ಬಂದಿರಬೇಕಲ್ಲ?”

ನಿಮ್ಮ ಮಾವ ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಶಿವಕುಮಾರ ತಲೆ ಎತ್ತಲಿಲ್ಲ. ನಾನು ಲಖನನ ಮುಂದಿನ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಒಳಗೆ ಹೋದರೂ ಆ ಮಾತು ಹಿಂದೆಯೇ ಬಂತು.

ನಾನು ಸುತ್ತಿ ಬಳಸಿ ಕೇಳುವವಳಲ್ಲ. ನಿನಗೆ ಗೊತ್ತು. ಶಿವಾನಿ ನನ್ನ ಮಗನ ಕೂಸು ಹೌದೋ ಅಲ್ಲವೋ? ಹೌದಾದರೆ ಹೌದು ಎಂದು ಬರೆ, ನಾನು ನೋಡಿಕೊಳ್ಳುತ್ತೇನೆ. ಅಲ್ಲವಾದರೂ ಬರೆ, ಸುಳ್ಳಿನ ಜೊತೆ ನನಗೆ ಬಾಳುವೆ ಆಗುವುದಿಲ್ಲ.

ಇಂಥ ಕೂಸು ಯಾರದು ಎಂದು ತೋರಿಸುವ ಪರೀಕ್ಷೆ ಬೇರೆ ಇದೆಯಂತೆ. ಅದಕ್ಕೆ ಕೂಸಿನ ರಕ್ತ ಬೇಕಂತೆ. ಅದಾಗುವವರೆಗೆ ತುಕ್ಕಾನಟ್ಟಿಯ ಹಾದಿ ತುಳಿಯುವುದಿಲ್ಲ ಎಂದು ಶಿವಕುಮಾರ ಅನ್ನುತ್ತಾನೆ. ಹಿಟ್ಟಿನ ಗಿರಣಿಗೆ ಹೋದರೆ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಾರೆ. ಲಖನ ನಮ್ಮ ಮನೆಯೊಂದರಲ್ಲೇ ಅವಲಕ್ಕಿ ತಿಂದಿರಲಿಕ್ಕಿಲ್ಲ.

ಬೇಗ ಬರೆ.

ಗೌರವ್ವ


ತುಕ್ಕಾನಟ್ಟಿ
5 ಜುಲೈ 2023

ಅತ್ತೆಯವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ. ಹೌದು ಎಂದು ಬರೆದರೆ, ಅದು ಕೇಳತಕ್ಕ ಪ್ರಶ್ನೆ ಎಂದು ನಾನೂ ಒಪ್ಪಿದಂತಾಗುತ್ತದೆ.

ನನ್ನ ಮಗಳ ರಕ್ತವನ್ನೂ ಆ ಪರೀಕ್ಷೆಗೆ ಕೊಡುವುದಿಲ್ಲ. ಅವಳ ತೋಳಿನಲ್ಲಿ ಸೂಜಿ ಚುಚ್ಚಲು ಈಗ ನರವೇ ಸಿಗುವುದಿಲ್ಲ. ಮೊನ್ನೆ ಮೂರು ಜನ ಹಿಡಿದು ಹುಡುಕಿದರು. ಅವಳಿಗೆ ಜೋರಾಗಿ ಅಳುವ ಶಕ್ತಿಯೂ ಇಲ್ಲ, ಬಾಯಿ ಮಾತ್ರ ತೆರೆಯುತ್ತದೆ. ಆ ಸೂಜಿ ಅವಳಿಗಾಗಿ ಚುಚ್ಚಿದ್ದು. ನಿಮ್ಮ ಮಗನ ಸಂಶಯಕ್ಕಾಗಿ ಇನ್ನೊಂದನ್ನು ಚುಚ್ಚಿಸುವುದಿಲ್ಲ.

ಹೋದ ಕಾಗದದಲ್ಲಿ ಹಾಲು ಕುಡಿಯುತ್ತಾಳೆ ಎಂದು ಬರೆದಿದ್ದೆ. ಮೂಗಿನಲ್ಲಿ ನಳಿಕೆ ಹಾಕಿದ್ದಾರೆ, ಅದರಿಂದ ಕುಡಿಯುತ್ತಾಳೆ. ಆಗಲೂ ಹಾಗೇ ಇತ್ತು. ನಿಮಗೆ ನೋವಾಗಬಾರದೆಂದು ಮುಚ್ಚಿಟ್ಟೆ. ಇನ್ನು ಯಾಕೆ ಮುಚ್ಚಿಡಲಿ?

ರಕ್ತವೇ ಬೇಕಿದ್ದರೆ ನಿಮ್ಮ ಮನೆಯಲ್ಲಿ ಇದೆ. ಅಂದು ನಿಮ್ಮ ಮಗ ಎದ್ದು ಹೋದ ಮೇಲೆ ಮೇಡಂ ಬಾಗಿಲವರೆಗೆ ಹಿಂದೆ ಬಂದು, ಕೂಸಿನ ಅಜ್ಜ ಅಜ್ಜಿಯ ರಕ್ತ ಕಳಿಸಿ, ಅದರಲ್ಲಿ ತಿಳಿಯಬಹುದು ಎಂದರು. ಅವರು ಕೇಳಿಸಿಕೊಂಡರು. ತಲೆ ಆಡಿಸಿದರು. ನಿಮಗೆ ಹೇಳಿದರೇ?

ಶೈಲಾ


ದಡ್ಡಿ
11 ಆಗಸ್ಟ್ 2023

ಶೈಲಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ನಿನ್ನ ಕಾಗದದ ಮೊದಲ ಸಾಲು ಎದುರಿಗೆ ಬರುತ್ತಿತ್ತು. ನಿನಗೂ ನಾಲಿಗೆ ಇದೆ ಎಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇರಲಿ.

ಇಲ್ಲ, ಅವನು ನಮಗೆ ಹೇಳಿರಲಿಲ್ಲ. ಕೇಳಿದಾಗ “ಅವರ ಮಾತ ಯಾರ ಕೇಳ್ತಾರ” ಅಂದ. ನಾನು ಕೇಳಬೇಕೆಂದು ನಿರ್ಧಾರ ಮಾಡಿದೆ. ಆದರೆ ನಿಮ್ಮ ಮಾವನನ್ನು ಹೊರಡಿಸುವುದು ಹೇಗೆ? ಅವರಿಗೆ ಸೂಜಿ ಎಂದರೆ ಎಮ್ಮೆಗೆ ಹುಲಿ ಕಂಡ ಹಾಗೆ. ಗೋಕಾಕದಲ್ಲಿ ಸಕ್ಕರೆ ಕಾಯಿಲೆ ನೋಡುತ್ತಾರೆ, ನಿಮ್ಮ ಕಣ್ಣು ಮಂಜಾಗಿದೆ, ಬರ್ರಿ ಎಂದೆ. ಹುಕ್ಕೇರಿಯಲ್ಲಿ ಬಸ್ಸು ಬದಲಿಸುವಾಗ ಭಜಿ ತಿನ್ನುತ್ತೇನೆ ಎಂದು ಹಟ ಹಿಡಿದರು. ಸಕ್ಕರೆ ತೋರಿಸಲು ಹೋಗುವವರು ತಿನ್ನಬಾರದು ಎಂದು ತಿನ್ನಗೊಡಲಿಲ್ಲ. ಆಸ್ಪತ್ರೆಯಲ್ಲಿ ಖರೆ ಸಂಗತಿ ತಿಳಿದಾಗ ಅವರಿಗೆ ಸಿಟ್ಟು ಬಂದದ್ದು ರಕ್ತಕ್ಕಲ್ಲ, ಭಜಿಗೆ.

ಮೇಡಂ ನನ್ನ ಮಗಳ ವಯಸ್ಸಿನವಳು. ನಾನು ಜಗಳವಾಡಲು ಹೋಗಿದ್ದೆ. ಅವಳು ಕುರ್ಚಿ ಎಳೆದು ಕೂಡಿಸಿ, ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದಳು. ಎರಡಿವೆ ಎಂದು ಪರೀಕ್ಷೆ ಹೇಳುತ್ತದೆ, ಆ ಎರಡು ಎಲ್ಲಿವೆ ಎಂದು ಹೇಳುವುದಿಲ್ಲ ಅಂದಳು. ಮೊದಲು ನನಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ತಿಳಿಯಿತು. ನಿನಗೂ ಹೇಳುತ್ತೇನೆ.

ಈ ಸಲ ಹೊಳೆಯ ಬದಿಯ ತುಂಡು ಹೊಲಕ್ಕೆ ಟ್ರ್ಯಾಕ್ಟರ್ ಇಳಿಯಲಿಲ್ಲ, ಎರಡು ಕೊಳವೆಯ ಕೂರಿಗೆ ಕಟ್ಟಿ ಸೋಯಾ ಬಿತ್ತಿದೆವು. ಬಟ್ಟಲಿಗೆ ಬೀಜ ಬಿಟ್ಟವಳು ನಾನೇ. ಅಳತೆ ಮಾಡಿ ತಂದ ಬೀಜವೆಲ್ಲ ಸರಿಯಾಗಿ ಖಾಲಿಯಾಯಿತು. ಬಿತ್ತನೆ ಚೊಲೋ ಆಯಿತು ಎಂದು ಕೈ ತೊಳೆದುಕೊಂಡೆ. ಮಳೆ ಬಿದ್ದು ಮೊಳಕೆ ಎದ್ದಾಗ ನೋಡಿದರೆ ಒಂದು ಸಾಲಿನಲ್ಲಿ ಒತ್ತೊತ್ತಾಗಿ ಎದ್ದಿದೆ, ಪಕ್ಕದ ಸಾಲು ಬೋಳು. ಒಂದು ಕೊಳವೆಗೆ ಹಸಿ ಮಣ್ಣು ಕಟ್ಟಿಕೊಂಡಿತ್ತು. ಅದರ ಬೀಜವೂ ಇನ್ನೊಂದು ಕೊಳವೆಗೇ ಹೋಗಿತ್ತು. ಬೀಜ ಲೆಕ್ಕಕ್ಕೆ ಸರಿ, ಹೊಲ ಅರ್ಧ ಬೋಳು.

ಶಿವಕುಮಾರನದೂ ಹಾಗೆ ಇರಬಹುದಂತೆ. ಎರಡೂ ಒಂದೇ ಕಡೆಯಿಂದ ಬಂದು, ಇನ್ನೊಂದು ಕಡೆಯದು ಖಾಲಿ. ಎಣಿಸಿದರೆ ಎರಡು. ಆದರೆ ಅವನು ಮಗಳಿಗೆ ಕೊಟ್ಟದ್ದು ಖಾಲಿ ಕಡೆಯದು. ಹಾಗಿದೆಯೋ ಇಲ್ಲವೋ ತಿಳಿಯಲು ಅವನನ್ನು ಹಡೆದವರ ರಕ್ತ ಎಣಿಸಬೇಕು. ಕೊಟ್ಟು ಬಂದಿದ್ದೇವೆ. ಬುಧವಾರ, ಒಂಬತ್ತನೇ ತಾರೀಖು. ಬೆಂಗಳೂರಿನಿಂದ ಉತ್ತರ ಬರಲು ತಿಂಗಳಾಗಬಹುದು. ಶಿವಕುಮಾರನಿಗೆ ಇನ್ನೂ ಹೇಳಿಲ್ಲ.

ಗೋಕಾಕದವರೆಗೆ ಬಂದು ತುಕ್ಕಾನಟ್ಟಿಗೆ ಬರಲಿಲ್ಲ. ಯಾಕೆ ಎಂದು ಕೇಳಬೇಡ.

ಗೌರವ್ವ


ತುಕ್ಕಾನಟ್ಟಿ
20 ಆಗಸ್ಟ್ 2023

ಅತ್ತೆಯವರಿಗೆ,

ಕೇಳುವುದಿಲ್ಲ. ನನಗೆ ಗೊತ್ತು.

ಒಂಬತ್ತನೇ ತಾರೀಖು ನಾನು ಆ ಆಸ್ಪತ್ರೆಯಲ್ಲೇ ಇದ್ದೆ. ಶಿವಾನಿಗೆ ಕಫ ಕಟ್ಟಿ ಉಸಿರು ಸಿಗದಂತಾಗಿ ಹಿಂದಿನ ದಿನ ಸೇರಿಸಿದ್ದೆವು. ಮೇಲಿನ ಮಹಡಿಯ ಕಿಟಕಿಯಿಂದ ನೋಡಿದೆ. ಮಾವ ತೋಳು ಮಡಚಿ ಹತ್ತಿ ಒತ್ತಿಕೊಂಡು ನಿಂತಿದ್ದರು. ನೀವು ಹಸಿರು ಇಳಕಲ್ ಸೀರೆಯ ಸೆರಗಿನಿಂದ ಅವರ ಹಣೆ ಒರೆಸುತ್ತಿದ್ದಿರಿ. ಅವ್ವ ಕೆಳಗಿಳಿದು ಕರೆಯಲೇ ಎಂದಳು. ಬೇಡ ಎಂದೆ. ಲಖನ ಹೇಳಿದ ಪರೀಕ್ಷೆಯ ವಿಚಾರಕ್ಕೆ ಬಂದಿದ್ದೀರಿ, ಕೂಸಿನ ರಕ್ತ ಕೇಳಲು ಮೇಲೆ ಬರುತ್ತೀರಿ ಎಂದುಕೊಂಡೆ. ವಾರ್ಡಿನ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ಕೂತೆ. ನೀವು ಬರಲಿಲ್ಲ. ಬಾರದೇ ಹೋದದ್ದಕ್ಕೂ ಅತ್ತೆ.

ನಿಮ್ಮ ಕಾಗದ ಬಂದ ಮೇಲೆ ಗೊತ್ತಾಯಿತು ಯಾಕೆ ಬಂದಿದ್ದಿರಿ ಎಂದು. ಕರೆಯಬೇಕಿತ್ತು. ಶಿವಾನಿ ಅಂದು ಎಚ್ಚರವಾಗಿದ್ದಳು.

ಈಗ ಮನೆಗೆ ಕರೆತಂದಿದ್ದೇವೆ. ಕಫ ಎಳೆಯುವ ಯಂತ್ರ ನನಗೆ ಕಲಿಸಿದ್ದಾರೆ. ಇದಕ್ಕೆ ಮದ್ದು ಇಲ್ಲವೆಂದಲ್ಲ, ಇದೆ. ಆದರೆ ಅದಕ್ಕೆ ಕೋಟಿಗಟ್ಟಲೆ ರೂಪಾಯಿ. ಪುಕ್ಕಟೆ ಕೊಡುವವರ ಪಟ್ಟಿಗೆ ಡಾಕ್ಟರರು ಅವಳ ಹೆಸರು ಕಳಿಸಿದ್ದಾರೆ, ಎಲ್ಲಿಂದಲೂ ಉತ್ತರವಿಲ್ಲ. ಅವರು ನೇರ ಮನುಷ್ಯ. “ಯಾರು ನೋಡಬೇಕೋ ಅವರು ಈಗಲೇ ಬಂದು ನೋಡಲಿ” ಎಂದರು. ಇದನ್ನು ನಿಮ್ಮ ಮಗನಿಗೆ ಹೇಳಿ ಎಂದು ನಾನು ಬರೆಯುತ್ತಿಲ್ಲ. ಡಾಕ್ಟರರು ಹೇಳಿದ್ದನ್ನು ಬರೆದಿದ್ದೇನೆ.

ಶೈಲಾ


ದಡ್ಡಿ
18 ಸೆಪ್ಟೆಂಬರ್ 2023

ಶೈಲಾ,

ಉತ್ತರ ಬಂತು. ನಾನೂ ನಿಮ್ಮ ಮಾವನೂ ಶನಿವಾರ ಹೋಗಿ ಕೇಳಿ ಬಂದೆವು. ಈ ಸಲ ಭಜಿ ಕೊಡಿಸಿದೆ.

ಅವರದು ಮೂರು. ನನ್ನದು ಒಂದು.

ನನ್ನದೂ ಒಂದೇ ಕಾಪಿ, ನೋಡು. ಈ ವಯಸ್ಸಿನವರೆಗೆ ಹೊರೆ ಹೊತ್ತಿದ್ದೇನೆ, ಐದು ಹಡೆದಿದ್ದೇನೆ, ಒಂದು ದಿನ ಕಾಲು ಸೋತದ್ದಿಲ್ಲ. ಒಳಗೆ ಒಂದು ಕಡೆ ಖಾಲಿ ಇತ್ತು ಎಂದು ಯಾರಿಗೆ ಗೊತ್ತಿತ್ತು? ನಿಮ್ಮ ಮಾವನ ಒಂದು ಕಡೆ ಜೋಡಿಯಾಗಿ ಎರಡಿವೆಯಂತೆ, ಇನ್ನೊಂದು ಕಡೆ ಒಂದು. ಅಂದಿನಿಂದ ಅವರ ನಡಿಗೆಯೇ ಬದಲಾಗಿದೆ. ಊರಲ್ಲಿ ಕಂಡವರಿಗೆಲ್ಲ “ನಂದು ಮೂರು” ಎಂದು ಹೇಳಿಕೊಂಡು ಬರುತ್ತಿದ್ದಾರೆ. ಏನು ಮೂರು ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ.

ನಗುವುದು ಇಲ್ಲಿಗೆ ಮುಗಿಯಿತು. ಮುಂದಿನದು ಕೇಳು.

ಶಿವಕುಮಾರನಿಗೆ ಅಪ್ಪನ ಜೋಡಿ ಇರುವ ಕಡೆ ಬಂದು, ನನ್ನ ಖಾಲಿ ಕಡೆ ಬಂದಿದ್ದರೆ ಎರಡಾಗುತ್ತದೆ. ಅಪ್ಪನ ಒಂದು ಇರುವ ಕಡೆ ಬಂದು ನನ್ನ ಒಂದು ಬಂದಿದ್ದರೂ ಎರಡೇ ಆಗುತ್ತದೆ. ಕೂಸಿನ ಕಾಯಿಲೆ ನೋಡಿದರೆ ಮೊದಲಿನದೇ ಇರಬೇಕು, ಆದರೆ ಎಣಿಕೆ ಒಂದರಿಂದಲೇ ಖಾತ್ರಿ ಅನ್ನಲು ಬರುವುದಿಲ್ಲ ಎಂದು ಮೇಡಂ ಹೇಳಿದಳು. ಪೂರಾ ಖಾತ್ರಿ ಬೇಕಿದ್ದರೆ ಕೂಸಿನ ರಕ್ತವನ್ನು ನಮ್ಮೆಲ್ಲರ ರಕ್ತದ ಬಾಜೂ ಇಟ್ಟು ನೋಡಬೇಕಂತೆ. ನಾನು ಬೇಡ ಎಂದೆ. ಸೂಜಿಯ ಮಾತು ನನ್ನ ನೆನಪಿನಲ್ಲಿದೆ.

ಮನೆಗೆ ಬಂದು ಶಿವಕುಮಾರನನ್ನು ಕೂಡಿಸಿ ಎಲ್ಲ ಹೇಳಿದೆ. ಸುಳ್ಳು ಸೇರಿಸಲಿಲ್ಲ, ಆ ‘ಇರಬೇಕು’ ಎಂಬ ಮಾತನ್ನೂ ಬಿಡದೆ ಹೇಳಿದೆ. ಅವನು ಆ ಒಂದು ಮಾತನ್ನೇ ಹಿಡಿದುಕೊಂಡ. “ಇರಬೇಕು ಅಂದಾರ, ಐತಿ ಅಂದಿಲ್ಲಲ್ಲ” ಎಂದ. ಲಖನನನ್ನು ಕೇಳಿ ಬರುತ್ತೇನೆ ಎಂದು ಎದ್ದ. ಅಲ್ಲಿಯವರೆಗೆ ನಾನು ಸಮಾಧಾನದಿಂದಲೇ ಇದ್ದೆ.

“ಕುಂದ್ರು” ಅಂದೆ. “ನೀ ಇಲ್ಲಿ ಕುಂತ ಅಪ್ಪಣ್ಣನ ಮಗಾ ಅಂತ ನಿನಗ ಯಾರ ಹೇಳ್ಯಾರೋ? ಯಾವ ಲ್ಯಾಬ್ ಹೇಳೇತಿ? ನಾ ಹೇಳೇನಿ. ನಿಮ್ಮಪ್ಪ ಕೇಳ್ಯಾನ, ಹೂಂ ಅಂದಾನ, ತೊಟ್ಟಿಲದಾಗ ಹಾಕಿ ಹೆಸರ ಇಟ್ಟಾನ. ನನ್ನ ಬಾಯಿ ಮಾತಿನ ಮ್ಯಾಲ ನೀ ಈ ಮನ್ಯಾಗ ಇಷ್ಟ ವರ್ಷ ಉಂಡೀದಿ. ಆಕೀ ಬಾಯಿ ಮಾತು ಯಾಕ ನಡೆಯೂದಿಲ್ಲ?”

ಅವನು ಅಪ್ಪನ ಮುಖ ನೋಡಿದ. ಅಪ್ಪ ಇನ್ನೇನು ಹೇಳುತ್ತಾರೋ ಎಂದು ನಾನೂ ಹೆದರಿ ನೋಡಿದೆ, ಯಾಕೆಂದರೆ ಇಂಥ ಮಾತು ಯಾವ ಹೆಂಗಸೂ ಗಂಡನ ಮುಂದೆ ಆಡುವುದಿಲ್ಲ. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲೂ ಇಲ್ಲ. “ಆಕಿ ಹೇಳಿದ್ದು ಖರೇ ಐತಿ” ಎಂದರು. “ನಾ ಯಾರನ್ನೂ ಕೇಳಾಕ ಹೋಗಿಲ್ಲ.”

ಶಿವಕುಮಾರ ತಿರುಗಿ ಕೂತ. ಊಟ ಮಾಡಿದ, ಮಲಗಿದ. ನಿನ್ನೆ ಬೆಳಿಗ್ಗೆ ಗಾಡಿ ತೆಗೆದುಕೊಂಡು ಹೊರಟ. ಕೆಲಸಕ್ಕೆ ಹೋದ ಎಂದುಕೊಂಡೆವು. ಇವತ್ತು ಕಾರ್ಖಾನೆಯವರೊಬ್ಬರು ಮನೆಗೆ ಬಂದು, ಯಾಕೆ ಬಂದಿಲ್ಲ ಎಂದು ಕೇಳಿದರು. ಸಂಕೇಶ್ವರಕ್ಕೆ ಹೋದನೋ, ತುಕ್ಕಾನಟ್ಟಿಯ ಕಡೆ ಹೋದನೋ ಗೊತ್ತಿಲ್ಲ. ಲಖನನ ಅಂಗಡಿಯಲ್ಲಿ ಕೂತಿದ್ದರೆ ಅವನನ್ನು ಹೆತ್ತದ್ದು ವ್ಯರ್ಥ. ಅಲ್ಲಿಗೆ ಬಂದಿದ್ದರೆ ನನಗೋಸ್ಕರ ಅವನನ್ನು ಒಳಗೆ ಕರೆಯಬೇಡ. ನಿನ್ನ ಮನಸ್ಸಿಗೆ ಬಂದರೆ ಕರೆ, ಬರದಿದ್ದರೆ ಅಂಗಳದಲ್ಲೇ ನಿಲ್ಲಿಸು. ಕೂಸನ್ನು ಮಾತ್ರ ಅವನ ಕೈಗೆ ಕೊಡು. ಅಂಗಳದ ಲೆಕ್ಕ ನಿಮ್ಮಿಬ್ಬರದು, ಅವಳದಲ್ಲ.

ಇವತ್ತು ಗಿರಣಿಗೆ ಹೋಗಿದ್ದೆ. ಹೆಂಗಸರು ಎಂದಿನಂತೆ ಮಾತು ನಿಲ್ಲಿಸಿದರು. ಜೋಳದ ಬುಟ್ಟಿ ಇಳಿಸಿ ಹೇಳಿದೆ. “ಕೂಸಿಗೆ ಖಾಲಿ ಹೋಗಿರೂದು ನನ್ನ ಕಡಿಂದ. ರಕ್ತ ಕೊಟ್ಟು ಎಣಿಸಿಕೊಂಡು ಬಂದೇನಿ. ಶೈಲಾನ ಹೆಸರು ತಗೊಳ್ಳೂದಿದ್ರ ನನ್ನ ಹೆಸರು ಮೊದಲ ತಗೋರಿ.” ಮೇಡಂ ‘ಇರಬೇಕು’ ಅಂದಿದ್ದಳು, ನಾನು ‘ಐತಿ’ ಅಂದೆ. ಗಿರಣಿಯ ರಾಯಪ್ಪ ಬೆಲ್ಟು ಬಿಟ್ಟು ಕೇಳುತ್ತ ನಿಂತ. ನನ್ನ ಹಿಟ್ಟು ತರಿತರಿಯಾಯಿತು.

ಜೂನ್ ತಿಂಗಳಲ್ಲಿ ನಾನು ಕೇಳಿದ ಮಾತಿಗೆ ಉತ್ತರ ಕೊಡದೆ ಇದ್ದದ್ದು ಒಳ್ಳೆಯದಾಯಿತು.

ಗೌರವ್ವ


ತುಕ್ಕಾನಟ್ಟಿ
22 ಸೆಪ್ಟೆಂಬರ್ 2023

ಅತ್ತೆಯವರಿಗೆ ಶರಣು.

ಅವರು ಇಲ್ಲಿದ್ದಾರೆ. ಭಾನುವಾರ ಬೆಳಿಗ್ಗೆಯೇ ಬಂದರಂತೆ. ಊರ ಹೊರಗಿನ ಚಹಾದಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂತಿದ್ದರು ಎಂದು ಆಮೇಲೆ ಯಾರೋ ಹೇಳಿದರು. ನಿಮ್ಮ ಕಾಗದ ನನಗೆ ಸಿಕ್ಕದ್ದು ಇವತ್ತು. ಅವರನ್ನು ಯಾರು ಕಳಿಸಿದರು, ಏನು ಹೇಳಿ ಕಳಿಸಿದರು ಎಂಬುದು ಇಷ್ಟು ದಿನ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತರು. ಅವ್ವ ನೀರು ಕೊಡಲಿಲ್ಲ. ಅಳಿಯ ಬಂದರೆ ಬೆಲ್ಲ ನೀರು ಹಿಡಿದು ಓಡುವವಳು, ಗೋಡೆಗೆ ಒರಗಿ ಕೂತಲ್ಲಿಂದ ಏಳಲಿಲ್ಲ. ನಾನೂ ಕೂತೇ ಇದ್ದೆ. ಶಿವಾನಿ ಮಾತ್ರ ಕಣ್ಣು ತಿರುಗಿಸಿ ಅವರನ್ನು ನೋಡಿದಳು. ಹೊಸಬರು ಬಂದರೆ ಅವಳು ರೆಪ್ಪೆ ಬಡಿಯದೆ ನೋಡುತ್ತಾಳೆ. ಬಹಳ ಹೊತ್ತು ನೋಡಿದಳು. ಅವರಿಗೆ ತಡೆಯಲು ಆಗಲಿಲ್ಲ.

“ಎತ್ಕೊಳ್ಳಲಾ?” ಎಂದರು.

“ಕುತ್ತಿಗಿಗೆ ಕೈ ಕೊಡ್ರಿ” ಎಂದೆ.

ಇಷ್ಟು ದಿನದಲ್ಲಿ ಅವರೊಡನೆ ಆಡಿದ್ದು ಅದೊಂದೇ ಮಾತು. ಮೂಗಿನ ನಳಿಕೆ ಜಗ್ಗದಂತೆ ಬದಿಗೆ ಸರಿಸಿ ಎತ್ತಿಕೊಂಡರು. ಎತ್ತಿದ ಮೇಲೆ ಇಳಿಸಲಿಲ್ಲ. ಪಡಸಾಲೆಯಲ್ಲಿ ಮಲಗುತ್ತಾರೆ. ಯಂತ್ರ ಹಚ್ಚಿ ಕಫ ಎಳೆಯುವುದನ್ನು ನೋಡಿ ನೋಡಿ ಕಲಿತರು. ನಿನ್ನೆ ನಾನು ನಿದ್ದೆ ಹೋದಾಗ ಅವರೇ ಎಳೆದರು. ಎಷ್ಟೋ ವಾರಗಳ ಮೇಲೆ ನಾನು ಕಣ್ಣು ತುಂಬ ಮಲಗಿದೆ. ಅದಕ್ಕಾಗಿ ಅವರನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ.

ಸಂಕೇಶ್ವರದ ಅಂಗಡಿಯಲ್ಲಿ ಹುಟ್ಟಿದ ಮಾತನ್ನು ಅವರೇ ಹೋಗಿ ಅಲ್ಲಿಯೇ, ನಾಲ್ಕು ಜನರೆದುರು ತೆಗೆದುಹಾಕಬೇಕು ಎಂದು ಅವ್ವನ ಬಾಯಿಂದ ಹೇಳಿಸಿದ್ದೇನೆ. ಹೂಂ ಅಂದಿದ್ದಾರೆ. ಹೂಂ ಅನ್ನುವುದು ಸುಲಭ. ನೋಡೋಣ. ದಡ್ಡಿಗೆ ಮರಳುವ ವಿಚಾರ ಈಗ ನನ್ನ ತಲೆಯಲ್ಲಿಲ್ಲ.

ಶಿವಾನಿಯ ಎದೆ ಉಸಿರಿಗೊಮ್ಮೆ ಒಳಗೆ ಹೋಗುತ್ತದೆ. ಎರಡು ದಿನದಿಂದ ನಗು ಕಡಿಮೆಯಾಗಿದೆ. ಬರುವುದಾದರೆ ತಡ ಮಾಡಬೇಡಿ.

ಶೈಲಾ


ದಡ್ಡಿ
25 ಸೆಪ್ಟೆಂಬರ್ 2023

ಶೈಲಾ,

ಟಪಾಲಿನವನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಬರೆಯುತ್ತಿದ್ದೇನೆ, ಅವನಿಗೆ ಅವಸರ. ಈ ಕಾಗದಕ್ಕಿಂತ ಮೊದಲೇ ನಾನು ಮುಟ್ಟಿದರೂ ಮುಟ್ಟಬಹುದು. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ನಿಮ್ಮ ಮಾವ ಎಮ್ಮೆ ನೋಡಿಕೊಂಡು ಇಲ್ಲಿರುತ್ತಾರೆ. ಸೊಸೆಯ ತವರಿನಲ್ಲಿ ಬೀಗತಿ ಬಂದು ಉಳಿಯುವ ಪದ್ಧತಿ ಇಲ್ಲ ಎಂದು ಬಾಜೂ ಮನೆಯವರು ಹೇಳಿದರು. ಪದ್ಧತಿ ಅವರು ಇಟ್ಟುಕೊಳ್ಳಲಿ.

ಅಲ್ಲವ್ವ ನನ್ನ ಮಗನಿಗೆ ನೀರು ಕೊಡದೆ ಇದ್ದದ್ದು ಸರಿ. ನನಗೂ ಕೊಡಬೇಕಾಗಿಲ್ಲ. ನಾನು ಕುಡಿಯಲು ಬರುತ್ತಿಲ್ಲ.

ಐದು ಹಡೆದೆ, ಊರಿನ ಇನ್ನೆಷ್ಟೋ ಕೂಸುಗಳಿಗೆ ನೀರೆರೆದೆ. ಕಾಲು ಜಗ್ಗಿ ತಿಕ್ಕುವುದು, ಕಾಲು ಹಿಡಿದು ಎತ್ತಿ ಕುಲುಕುವುದು, ನನಗೆ ಗೊತ್ತಿರುವುದು ಅಷ್ಟೇ. ಇಂಥ ಕೂಸನ್ನು ಎತ್ತಿಕೊಂಡು ನನಗೆ ರೂಢಿಯಿಲ್ಲ. ನಾನು ಬಂದ ಕೂಡಲೇ ನನ್ನ ಕೈಗೆ ಕೊಡಬೇಡ. ಮೊದಲು ಬಾಜೂ ಕೂಡಿಸಿಕೊಂಡು, ಕುತ್ತಿಗೆಗೆ ಕೈ ಹೇಗೆ ಕೊಡಬೇಕು ಎಂದು ತೋರಿಸು. ತಪ್ಪಿದರೆ ಬೈ.

ಗೌರವ್ವ